ಎರಡು ಬ್ರೇಕಿನ ಕಾರು ಮತ್ತು ಸೊಪ್ಪಿನಜ್ಜಿ

ನನ್ನ ಡ್ರೈವಿಂಗ್ ಲೈಸೆನ್ಸನ್ನು ನಾನು ಯಾರಿಗೂ ಹೆಮ್ಮೆಯಿಂದ ತೋರಿಸಿದವಳಲ್ಲ. ಪೊಲೀಸರು ಕೇಳಿದರೆ ತೆಗೆದು ಕೊಡುತ್ತೇನೆ, ಅಷ್ಟೇ. ಅದರ ಫೋಟೋದಲ್ಲಿ ನನ್ನ ಮುಖ ಯಾರ ಮೇಲೋ ಸಿಟ್ಟು ಮಾಡಿಕೊಂಡಂತಿದೆ. ಆ ಸಿಟ್ಟಿನ ಕತೆ ತೊಂಬತ್ತರ ದಶಕದ ಕೊನೆಯದು.

ನಾನು ಹುಟ್ಟಿದ್ದು ಕೆ.ಆರ್. ನಗರ ಕಡೆಯ ಸಾಲಿಗ್ರಾಮದ ಹತ್ತಿರ, ನಾಲೆ ನೀರಿನ ಊರಲ್ಲಿ. ಅಪ್ಪನಿಗೆ ಟ್ರಾಕ್ಟರ್ ಇತ್ತು, ಗಂಡು ಮಕ್ಕಳಿರಲಿಲ್ಲ. ಹಾಗಾಗಿ ಹದಿನಾರು ತುಂಬುವ ಹೊತ್ತಿಗೆ ನಾನು ಭತ್ತದ ಮೂಟೆ ತುಂಬಿದ ಟ್ರೇಲರನ್ನು ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಹಿಂದಕ್ಕೆ ಓಡಿಸಿ, ಒಂದು ಚೂರು ಗಾರೆ ಉದುರದಂತೆ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದೆ. ನೋಡಿದವರು ಅಪ್ಪನ ಹತ್ತಿರ, "ಇದು ಗಂಡಾಗಿ ಉಟ್ಬೇಕಿತ್ತು ಕಣಣ್ಣ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಮನೆಯ ಗಂಡುಮಕ್ಕಳು ಟ್ರೇಲರ್ ತಿರುಗಿಸಲು ಬಾರದೆ ಗದ್ದೆಗೆ ಇಳಿಸಿದ್ದನ್ನು ನಾನೇ ಎಷ್ಟು ಸಲ ಎಳೆದು ಹಾಕಿದ್ದೆ.

ಮದುವೆಯಾಗಿ ಬಂದದ್ದು ಮೈಸೂರು ಜಿಲ್ಲೆಯ ಇನ್ನೊಂದು ತುದಿಯ ಕೋಟೆ ತಾಲ್ಲೂಕಿಗೆ. ಅಂತರಸಂತೆಗೂ ಹ್ಯಾಂಡ್‌ಪೋಸ್ಟ್ ಅನ್ನುವ ಪೇಟೆಗೂ ನಡುವೆ, ಟಾರು ರಸ್ತೆಯಿಂದ ಒಳಗಿರುವ ಊರು. ಮಳೆ ನಂಬಿ ಹತ್ತಿ, ರಾಗಿ, ಹೊಗೆಸೊಪ್ಪು ಬೆಳೆಯುವ ಜನ. ನನ್ನ ಯಜಮಾನರು ಒಳ್ಳೆಯ ಮನುಷ್ಯ. ಆದರೆ ಚಕ್ರ ಇರುವ ಏನನ್ನು ಕಂಡರೂ ಹೆದರಿಕೆ. ಅಂಥವರು ಯಾರ ಮಾತಿಗೆ ಮರುಳಾದರೋ ಏನೋ, ಹರಾಜಿನಲ್ಲಿ ಒಂದು ಹಳೇ ಜೀಪು ಹಿಡಿದು, ಬೇರೆಯವರ ಕೈಲಿ ಓಡಿಸಿಕೊಂಡು ಮನೆಗೆ ತಂದರು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದವಳೂ ನಾನೇ, ಮಾರನೆಯ ದಿನದಿಂದ ಓಡಿಸಿದವಳೂ ನಾನೇ. ಲೈಸೆನ್ಸು ಅಂತ ಒಂದಿದೆ ಎಂದು ಗೊತ್ತಿತ್ತು. ಆದರೆ ನಮ್ಮ ಕಡೆ ಅದು ಮೈಸೂರಿಗೆ ಹೋಗುವವರಿಗೆ ಬೇಕಾದ ವಸ್ತು ಅನ್ನುವ ತಿಳಿವಳಿಕೆ.

ನಮ್ಮ ರಸ್ತೆಯಲ್ಲಿ ಬೇರೆ ಒಂದು ಕಾನೂನಿತ್ತು. ಯಾರು ಕೈ ಎತ್ತಿದರೂ ನಿಲ್ಲಿಸಬೇಕು. ಬಸ್ಸುಗಳು ಕೇರಳದ ಕಡೆಯಿಂದಲೇ ತುಂಬಿಕೊಂಡು ಬಂದು, ನಮ್ಮ ಸ್ಟಾಪಿನಲ್ಲಿ ನಿಂತವರ ಮುಖಕ್ಕೆ ದೂಳು ಎರಚಿ ಹೋಗುತ್ತಿದ್ದವು. ಹಾಗಾಗಿ ಟ್ರಾಕ್ಟರೋ ಜೀಪೋ ಲಾರಿಯೋ, ಸ್ಟೀರಿಂಗ್ ಹಿಡಿದವರು ಕೈ ಎತ್ತಿದವರನ್ನು ಹತ್ತಿಸಿಕೊಳ್ಳಲೇಬೇಕು. ನಾನು ಜೀಪು ತೆಗೆದ ಮೊದಲ ದಿನವೇ ಅತ್ತೆ ಹೇಳಿದ್ದರು: "ನೋಡವ್ವ, ಕೈ ಎತ್ತಿದವ್ರ ಬುಟ್ಟು ಬಂದೀಯ. ನಾಳೆ ನಾನೂ ಅಲ್ಲೇ ನಿಂತಿರ್ತೀನಿ." ಆ ಮಾತು ನನಗೆ ಕ್ಲಚ್ಚು ಬ್ರೇಕಿನಷ್ಟೇ ರೂಢಿಯಾಗಿಬಿಟ್ಟಿತು. ರಸ್ತೆ ಬದಿ ಒಂದು ಕೈ ಮೇಲೆ ಹೋದರೆ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು.

ಮಗಳು ಏಳನೇ ಕ್ಲಾಸು ಮುಗಿಸಿದ ವರ್ಷ ಲೈಸೆನ್ಸಿನ ಕಾಟ ಶುರುವಾಯಿತು. ಹೈಸ್ಕೂಲು ಇದ್ದದ್ದು ಹ್ಯಾಂಡ್‌ಪೋಸ್ಟಿನಲ್ಲಿ. ಅವಳ ಜೊತೆ ಊರಿನಲ್ಲಿ ಇನ್ನೂ ಆರು ಹೆಣ್ಣುಮಕ್ಕಳು ಏಳನೇದು ಪಾಸಾಗಿದ್ದರು. ಅದುವರೆಗೆ ನಮ್ಮೂರಿನ ಹೆಣ್ಣುಮಕ್ಕಳ ಓದು ಏಳಕ್ಕೇ ನಿಲ್ಲುತ್ತಿತ್ತು. ಬಸ್ಸು ನಿಲ್ಲಿಸುವುದಿಲ್ಲ, ಓದೂ ನಿಲ್ಲುತ್ತದೆ, ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಈ ಸಲ ನಾನು ಮನೆಮನೆಗೆ ಹೋಗಿ ಕೇಳಿದೆ. ಎಲ್ಲರದೂ ಒಂದೇ ಮಾತು: "ನೀನು ಕರ್ಕೊಂಡೋಗಿ ಕರ್ಕೊಂಡ್ ಬರಂಗಿದ್ರೆ ಕಳುಸ್ತೀವಿ ಕಣವ್ವ. ಬಸ್ ನಂಬ್ಕೊಂಡು ಎಣ್ಣೈಕ್ಳ ಕಳ್ಸಾಕಿಲ್ಲ."

ಅವರಲ್ಲಿ ಪಕ್ಕದ ಮನೆಯ ಹುಡುಗಿಯೊಬ್ಬಳು ಬಾಯಿ ಬಡುಕಿ, ಲೆಕ್ಕದಲ್ಲಿ ಮೇಷ್ಟರನ್ನೇ ತಿದ್ದುವಷ್ಟು ಚುರುಕು. ಅವಳಪ್ಪ ಆಗಲೇ ಗಂಡು ವಿಚಾರಿಸಲು ಶುರು ಮಾಡಿದ್ದ. ನಾನು ಬೈದೆ. ಅವನು, "ಸ್ಕೂಲ್ಗೋದ್ರೆ ಓಗ್ಲಿ. ಓಗ್ದಿದ್ರೆ ಮನೇಲಿಟ್ಕೊಂಡು ಏನ್ ಮಾಡ್ಲಿ, ನೀನೇ ಯೋಳು" ಅಂದ. ಅವನ ಮಗಳ ಮದುವೆಗೂ ಓದಿಗೂ ನಡುವೆ ಇದ್ದದ್ದು ನನ್ನ ಜೀಪು ಒಂದೇ.

ಹೈಸ್ಕೂಲಿನ ಹೆಡ್‌ಮೇಡಂ ಏಳು ಸೀಟು ತೆಗೆದಿಡಲು ಒಪ್ಪಿದರು. "ಆದ್ರೆ ಒಂದು ಮಾತು. ಲೈಸೆನ್ಸ್ ಇರೋರೇ ಓಡಿಸ್ಬೇಕು. ಅದರ ಜೆರಾಕ್ಸ್ ನನ್ನ ಫೈಲಲ್ಲಿರಬೇಕು. ನಾಳೆ ಏನಾದ್ರೂ ಆದ್ರೆ ನಾನು ಜವಾಬು ಕೊಡ್ಬೇಕಲ್ಲಮ್ಮ" ಅಂದರು. ತಪ್ಪೇನೂ ಹೇಳಲಿಲ್ಲ ಆಕೆ.

ಇಬ್ಬರಲ್ಲಿ ಒಬ್ಬರಾದರೂ ಪಾಸಾಗಲಿ ಎಂದು ನಾನೂ ಯಜಮಾನರೂ ಒಟ್ಟಿಗೇ ಎಲ್ಎಲ್ಆರ್, ಅಂದರೆ ಕಲಿಯುವವರ ಲೈಸೆನ್ಸು, ಮಾಡಿಸಿದೆವು. ಅವರು ಹುಣಸೂರು ಕಡೆಯಿಂದ ಕಾರು ತರುತ್ತಿದ್ದ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದರು. ನನಗೂ ಸೇರು ಅಂದರು. "ನನಗೇನು ಕಲಿಸ್ತಾರೆ ಅವರು? ಬೇಕಾದ್ರೆ ಅವರೇ ಬಂದು ನನ್ನ ಹತ್ರ ಟ್ರೇಲರ್ ರಿವರ್ಸ್ ಕಲೀಲಿ" ಅಂತ ಮೂಗು ಮುರಿದೆ. ಆ ಅಹಂಕಾರಕ್ಕೆ ಆಮೇಲೆ ತಕ್ಕ ಶಾಸ್ತಿಯಾಯಿತು.

ಪರೀಕ್ಷೆ ಮಾಡುವ ಸಾಹೇಬರು ತಿಂಗಳಿಗೊಂದು ಸಲ ಹ್ಯಾಂಡ್‌ಪೋಸ್ಟಿಗೆ ಕ್ಯಾಂಪ್ ಬರುತ್ತಿದ್ದರು. ರಸ್ತೆ ಪಕ್ಕದ ಬಯಲು, ಗಾಡಿ ನಿಲ್ಲಿಸಿ ತೋರಿಸಲು ನೆಟ್ಟ ಗೂಟಗಳು, ಒಂದು ಮರ, ಅದರ ಕೆಳಗೆ ಮೇಜು. ಸಾಲಾಗಿ ನಿಂತವರನ್ನೆಲ್ಲ ಊಟದ ಹೊತ್ತಿಗೆ ಮುಗಿಸಬೇಕು ಪಾಪ ಅವರು. ಅವರ ಕೈಯಲ್ಲಿ ಒಂದು ಕಾಗದ, ಅದರ ತುಂಬ ಕಾಲಂ. ಕನ್ನಡಿ ನೋಡಿದನೇ, ಕೈ ತೋರಿಸಿದನೇ, ಹೀಗೆ. ಗಾಡಿ ಓಡಿಸಲು ಬರುತ್ತದೆಯೇ ಅನ್ನುವ ಕಾಲಂ ಮಾತ್ರ ಇರಲಿಲ್ಲ ಅಂತ ನನ್ನ ಗುಮಾನಿ.

ಡ್ರೈವಿಂಗ್ ಸ್ಕೂಲಿನ ಕಾರನ್ನು ಅಂದು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ನೋಡಿ ಕಣ್ಣು ಬಿಟ್ಟೆ. ಅದಕ್ಕೆ ಎರಡು ಕ್ಲಚ್ಚು, ಎರಡು ಬ್ರೇಕು! ಕಲಿಯುವವನ ಕಾಲ ಕೆಳಗೆ ಒಂದು ಜೊತೆ, ಪಕ್ಕದಲ್ಲಿ ಕೂತ ಕಲಿಸುವವನ ಕಾಲ ಕೆಳಗೆ ಇನ್ನೊಂದು ಜೊತೆ. ಕಲಿಸಲಿಕ್ಕೆ ಅದು ಒಳ್ಳೆಯದೇ. ಆದರೆ ಪರೀಕ್ಷೆಯ ದಿನವೂ ಕಲಿಸುವವನು ಪಕ್ಕದಲ್ಲೇ ಕೂರುತ್ತಿದ್ದ. ಸಾಹೇಬರು ಹಿಂದಿನ ಸೀಟಿನಲ್ಲಿ. ಅವರಿಗೆ ಅಲ್ಲಿಂದ ಕಾಣುತ್ತಿದ್ದುದು ಎರಡು ತಲೆ. ಕೆಳಗಿನ ವ್ಯವಹಾರ ಬಾಗಿಲ ಪಕ್ಕ ನಿಂತ ನಮಗೆ ಕಾಣುತ್ತಿತ್ತು.

ಒಬ್ಬೊಬ್ಬರೇ ಹತ್ತಿದರು, ಇಳಿದರು, ಪಾಸು. ಕಲಿಸುವವನು ಎಲೆಅಡಿಕೆ ಜಗಿಯುತ್ತ ಕಿಟಕಿ ಆಚೆ ನೋಡುತ್ತಿದ್ದ, ಇದಕ್ಕೂ ತನಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ಕೆಳಗೆ ಅವನ ಎರಡೂ ಕಾಲು ಹೊಲಿಗೆ ಮಿಷನ್ ತುಳಿದಂತೆ ದುಡಿಯುತ್ತಿದ್ದವು. ನನ್ನ ಯಜಮಾನರು ಸ್ಟೀರಿಂಗನ್ನು ಎಳೆಮಗುವಿನಂತೆ ಹಿಡಿದುಕೊಂಡು, ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡು ದೇವರನ್ನು ನೆನೆದರು. ಕಾರು ತನ್ನಷ್ಟಕ್ಕೆ ನಿಂತಿತು, ತನ್ನಷ್ಟಕ್ಕೆ ಹೊರಟಿತು, ಗೂಟದ ಪಕ್ಕ ತನ್ನಷ್ಟಕ್ಕೆ ಮತ್ತೆ ನಿಂತಿತು. ಸಾಹೇಬರು ಇಳಿದು, "ಬ್ರೇಕ್ ಮೇಲೆ ಒಳ್ಳೇ ಹಿಡಿತ ಇದೆ ಇವರಿಗೆ" ಅಂದರು. ಯಜಮಾನರು ಹಲ್ಲು ಗಿಂಜಿದರು. ಅವತ್ತು ಸಾಹೇಬರು ಕೊಟ್ಟ ಲೈಸೆನ್ಸೆಲ್ಲ ನ್ಯಾಯವಾಗಿ ಆ ಎಲೆಅಡಿಕೆಯವನ ಎರಡು ಕಾಲಿಗೆ ಸೇರಬೇಕಾದ್ದು.

ನನ್ನ ಸರದಿ ಬಂತು. ಜೀಪಿಗೆ ಕನ್ನಡಿ ಕಡ್ಡಾಯ ಅಂದಿದ್ದರಿಂದ ಯಜಮಾನರು ಗಡ್ಡ ಹೆರೆದುಕೊಳ್ಳುವ ಕನ್ನಡಿಯನ್ನು ಮುಂದಿನ ಗಾಜಿನ ನಡುವೆ ತಂತಿಯಿಂದ ಬಿಗಿದಿದ್ದೆ. ಗೂಟಗಳ ನಡುವೆ ಒಂದೇ ಏಟಿಗೆ ಹಿಂದಕ್ಕೆ ಹಾಕಿ ನಿಲ್ಲಿಸಿದೆ. ಸುತ್ತ ನಿಂತವರು "ಅಬ್ಬಾ" ಅಂದರು. ಸಾಹೇಬರು, "ಕನ್ನಡಿ ನೋಡ್ಲಿಲ್ಲ" ಅಂದರು.

"ಕತ್ತು ತಿರುಗಿಸಿ ಹಿಂದೇನೇ ನೋಡಿದ್ನಲ್ಲ ಸಾ. ಗಡ್ಡದ ಕನ್ನಡೀಲಿ ಇಡೀ ರೋಡು ಕಾಣತ್ತಾ?"

"ಕಾಲಂನಲ್ಲಿ ಕನ್ನಡಿ ಅಂತ ಇದೆ, ಕತ್ತು ಅಂತ ಇಲ್ಲಮ್ಮ" ಅಂದು ಪಕ್ಕಕ್ಕೆ ಹತ್ತಿ ಕೂತು, "ರೋಡಿಗೆ ತಗೊಳ್ಳಿ" ಅಂದರು.

ಅಂತರಸಂತೆ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ತಿರುಗಿಸಿಕೊಂಡು ಬರಬೇಕು. ಹೋದೆ, ತಿರುಗಿಸಿದೆ. ಬರುವಾಗ ಹೊಂಗೆಮರದ ತಿರುವಿನಲ್ಲಿ ಸೊಪ್ಪಿನಜ್ಜಿ ನಿಂತಿದ್ದಳು. ದಿನಾ ದಂಟು, ಕೀರೆ, ಸಬ್ಬಸಿಗೆ ಪುಟ್ಟಿಯಲ್ಲಿ ತುಂಬಿಕೊಂಡು ಹ್ಯಾಂಡ್‌ಪೋಸ್ಟಿಗೆ ಮಾರಲು ಹೋಗುವ ಮುದುಕಿ. ನನ್ನ ಜೀಪು ಕಂಡು ಎಂದಿನಂತೆ ಕೈ ಎತ್ತಿದಳು. ನನ್ನ ಕಾಲಿಗೆ ಪರೀಕ್ಷೆ ಗಿರೀಕ್ಷೆ ಏನು ಗೊತ್ತು? ಕೈ ತೋರಿಸಿ, ಎಡಕ್ಕೆ ತಗೊಂಡು, ನೆಟ್ಟಗೆ ನಿಲ್ಲಿಸಿದೆ. ಅಜ್ಜಿ ಪುಟ್ಟಿಯ ಸಮೇತ ಹಿಂದೆ ಹತ್ತಿ ಕೂತಳು. ಸಾಹೇಬರ ಕೈಯಲ್ಲಿದ್ದ ಕಾಗದ ಪೆನ್ನು ನೋಡಿ ಅವಳಿಗೆ ಖುಷಿ.

"ಜನಗಣತಿ ಬರ್ಕೊಳಕ್ಕೆ ಬಂದಿದ್ದೀಯೇನಪ್ಪ? ನಮ್ಮನೇಲಿ ಆರು ಜನ. ಬರ್ಕೊ. ಸೊಸೆ ಬಸ್ರಿ, ಅದ್ನೂ ಸೇರ್ಸಿ ಬರ್ಕೊಬುಡು."

ಸಾಹೇಬರು ಬರೆದುಕೊಂಡರು. ಆದರೆ ಅಜ್ಜಿಯ ಮನೆಯವರನ್ನಲ್ಲ.

ಮರದ ಕೆಳಗೆ ಬಂದು ಇಳಿದ ಮೇಲೆ ಕೇಳಿದರು: "ಯಾರಮ್ಮ ನಿಮಗೆ ನಿಲ್ಲಿಸು ಅಂದಿದ್ದು?"

"ಅಜ್ಜಿ ಸಾ."

"ಪರೀಕ್ಷೆ ಮಾಡ್ತಿರೋದು ನಾನೋ, ಅಜ್ಜಿಯೋ?"

"ಕೈ ತೋರ್ಸಿ, ಪಕ್ಕಕ್ಕೆ ತಗೊಂಡು ನಿಲ್ಸಿದ್ದೀನಲ್ಲ. ನಿಲ್ಸಿದ್ರಲ್ಲಿ ತಪ್ಪೇನಿದೆ ಯೋಳಿ?"

"ನಿಲ್ಲಿಸಿದ್ದೇ ತಪ್ಪು. ಪರೀಕ್ಷೆ ಮಧ್ಯೆ ಹೇಳದೆ ನಿಲ್ಲಿಸೋದು, ಜನ ಹತ್ತಿಸ್ಕೊಳ್ಳೋದು. ಪಿರಿಯಾಪಟ್ಟಣ, ಕೆ.ಆರ್. ನಗರ ಎಲ್ಲಾ ಕಡೆ ಕ್ಯಾಂಪ್ ಮಾಡಿದೀನಿ, ಇಂಥದ್ದು ಎಲ್ಲೂ ನೋಡಿಲ್ಲ. ಫೇಲು."

ಅಜ್ಜಿ ಪುಟ್ಟಿ ಇಳಿಸಿಕೊಳ್ಳುತ್ತ, "ಏನಂತವ್ವ ಆವಪ್ಪ?" ಅಂತ ಕೇಳಿದಳು. "ಏನಿಲ್ಲಜ್ಜಿ, ಓಗು" ಅಂದೆ. ಅವಳು ಎರಡು ಹೆಜ್ಜೆ ಹೋಗಿ ತಿರುಗಿ ಬಂದು ಒಂದು ಕಟ್ಟು ಸಬ್ಬಸಿಗೆ ಸೀಟಿನ ಮೇಲಿಟ್ಟು ಹೋದಳು. ನನಗೆ ಅಳು ಬಂದಿತ್ತು, ಆದರೆ ಆ ಎಲೆಅಡಿಕೆಯವನ ಮುಂದೆ ಅಳುವುದುಂಟೇ?

ಜೂನ್ ಬಂತು, ಸ್ಕೂಲು ಶುರುವಾಯಿತು. ಲೈಸೆನ್ಸಿನ ಜೆರಾಕ್ಸ್ ಫೈಲಿಗೆ ಹೋಯಿತು, ಯಜಮಾನರದು. ಮೊದಲ ದಿನ ಅವರೇ ಸ್ಟೀರಿಂಗ್ ಹಿಡಿದರು. ಏಳು ಹುಡುಗಿಯರು ಹೊಸ ಲಂಗ, ಎಣ್ಣೆ ಹಾಕಿ ಬಿಗಿದ ಜಡೆ, ಟೇಪು ಎಲ್ಲ ಹಾಕಿಕೊಂಡು ಹಿಂದೆ ಕೂತರು. ಊರಿಗೆ ಊರೇ ನೋಡಲು ನಿಂತಿತ್ತು. ಜೀಪು ಗಡಗಡ ಅಂತ ಹೊರಟು, ಎದುರು ಮನೆಯ ತಿಪ್ಪೆಯ ಕಡೆ ತಿರುಗಿ, ಯಾವ ಆತುರವೂ ಇಲ್ಲದೆ ನೇರವಾಗಿ ಅದರೊಳಕ್ಕೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಲಂಗಗಳನ್ನು ಬಿಟ್ಟು.

"ಬ್ರೇಕ್ ಒತ್ತೋದಲ್ವಾ?" ಅಂತ ಕಿರುಚಿದೆ.

ಅವರು ಸಗಣಿ ಮೆತ್ತಿದ ಮುಖದಲ್ಲಿ ನನ್ನನ್ನು ನೋಡಿ, "ಅಲ್ಲಿ ಅವ್ನೇ ಒತ್ತುತ್ತಿದ್ದ ಕಣಮ್ಮಿ" ಅಂದರು.

ಪಕ್ಕದ ಮನೆಯವನು ಮಗಳ ಕೈ ಹಿಡಿದು ಇಳಿಸಿಕೊಂಡ. "ಇವ್ರು ಓಡ್ಸದಾದ್ರೆ ನಾನ್ ಕಳ್ಸಲ್ಲ." ಉಳಿದವರೂ ಹೂಂಗುಟ್ಟಿದರು. ನಾನು ಸೆರಗು ಸಿಕ್ಕಿಸಿ ಜೀಪನ್ನು ತಿಪ್ಪೆಯಿಂದ ಹೊರಗೆ ತೆಗೆದೆ. ಮಾರನೆಯ ದಿನದಿಂದ ಮುಂದೆ ಹಿಂದೆ ಕೆಂಪು ಬಣ್ಣದ ಎಲ್ ಬೋರ್ಡು ತಗುಲಿಸಿ ನಾನೇ ಓಡಿಸಿದೆ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಪಡೆದ ಅನುಭವಸ್ಥರು ಕೂರಬೇಕು ಅನ್ನುತ್ತದೆ ಕಾನೂನು. ಸರಿ, ತಿಪ್ಪೆಯ ಅನುಭವಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಅಂಗಿಯ ಜೇಬಿನಲ್ಲಿ ಲೈಸೆನ್ಸ್ ಇಟ್ಟುಕೊಂಡು ಹ್ಯಾಂಡ್‌ಪೋಸ್ಟ್ ಬರುವವರೆಗೂ ಸುಖವಾಗಿ ನಿದ್ದೆ ಹೊಡೆಯುತ್ತಿದ್ದರು.

ಎರಡನೇ ವಾರ ಹೆಡ್‌ಮೇಡಂ ಗೇಟಿನಲ್ಲಿ ಬೋರ್ಡು ನೋಡಿದರು. ಒಳಗೆ ಕರೆದು ಕೂರಿಸಿ, ಮೆತ್ತಗೆ ಹೇಳಿದರು. ಎಲ್ ಬೋರ್ಡಿನ ಗಾಡಿಯಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸುವ ಹಾಗಿಲ್ಲ, ಅದರಲ್ಲೂ ಮಕ್ಕಳನ್ನು. "ನೀವು ಚೆನ್ನಾಗಿ ಓಡಿಸ್ತೀರಿ, ನಂಗೊತ್ತು. ಆದ್ರೆ ನನ್ನ ಕಣ್ಣಿಗೆ ಬಿದ್ದ ಮೇಲೆ ಸುಮ್ನಿರಕ್ಕಾಗಲ್ಲ. ಮುಂದಿನ ಕ್ಯಾಂಪಲ್ಲಿ ಲೈಸೆನ್ಸ್ ತಗೊಂಡು ಬನ್ನಿ. ಅಲ್ಲೀವರೆಗೂ ಸೀಟು ಇಡ್ತೀನಿ. ಆಮೇಲೆ ಕಷ್ಟ ಆಗತ್ತಮ್ಮ."

ಏಳೂ ಹುಡುಗಿಯರು ಮನೆಯಲ್ಲಿ ಕೂತರು. ಒಂದಿಬ್ಬರು ಹತ್ತಿ ಹೊಲಕ್ಕೆ ಕಳೆ ಕೀಳಲು ಹೋದರು. ಕ್ಯಾಂಪ್ ಇದ್ದದ್ದು ಶನಿವಾರ. ಭಾನುವಾರ ಪಕ್ಕದ ಮನೆಗೆ ಗಂಡಿನ ಕಡೆಯವರು ಬರುವವರಿದ್ದರು. ಯಜಮಾನರು, "ಸುಮ್ಕೆ ಆ ಡ್ರೈವಿಂಗ್ ಸ್ಕೂಲಿನ ಕಾರಲ್ಲೇ ಪರೀಕ್ಷೆ ಕೊಟ್ಬುಡು ಕಣಮ್ಮಿ, ಅವ್ನು ಪಾಸ್ ಮಾಡುಸ್ತನೆ" ಅಂತ ಹಿಂದೆ ಬಿದ್ದರು. ನನ್ನ ಕಾಲು ಗಟ್ಟಿಯಾಗಿರುವಾಗ ಇನ್ನೊಬ್ಬರ ಕಾಲಲ್ಲಿ ಯಾಕೆ ಓಡಿಸಲಿ ಅಂತ ಹಟ ಹಿಡಿದೆ.

ಶನಿವಾರ ಬೆಳಗ್ಗೆ ಜೀಪಿಗೆ ನೀರು ಹಾಕುತ್ತಿದ್ದಾಗ ಪಕ್ಕದ ಮನೆಯ ಹುಡುಗಿ ಬಂದು ನಿಂತಳು. ನನ್ನ ಕೈಯಿಂದ ಬಕೆಟ್ ತೆಗೆದುಕೊಂಡು, "ಅತ್ತೆ, ಈ ಸತಿ ಯಾರ್ನೂ ಅತ್ತುಸ್ಕೊಬೇಡಿ" ಅಂದಳು. "ಇಲ್ಲ ಕಣವ್ವ" ಅಂದೆ.

ಆವತ್ತು ನಾನು ಓಡಿಸಲಿಲ್ಲ, ಕಾಲಂ ತುಂಬಿಸಿದೆ. ಹತ್ತುವ ಮೊದಲು ಕನ್ನಡಿ ಸರಿ ಮಾಡುವಂತೆ ನಟಿಸಿದೆ. ಖಾಲಿ ಬಯಲಿನಲ್ಲಿ, ಅಡ್ಡ ಬರಲು ಒಂದು ಕೋಳಿಯೂ ಇಲ್ಲದ ಕಡೆ, ಎರಡು ಸಲ ಹಾರ್ನ್ ಹೊಡೆದೆ. ಎಡಕ್ಕೆ ಬಲಕ್ಕೆ ಕೈ ತೋರಿಸಿದೆ. ಕತ್ತು ಹಿಂದಕ್ಕೆ ತಿರುಗಿಸದೆ ಗಡ್ಡದ ಕನ್ನಡಿಯನ್ನೇ ಕಣ್ಣು ಕಿಸಿದು ನೋಡುತ್ತ ರಿವರ್ಸ್ ತೆಗೆದುಕೊಂಡಾಗ ಒಂದು ಗೂಟ ಉರುಳಿತು. ಸಾಹೇಬರು ಅದನ್ನು ದೊಡ್ಡದು ಮಾಡಲಿಲ್ಲ. "ಈ ಸಲ ಕಲಿತುಕೊಂಡು ಬಂದಿದೀರಿ" ಅಂದರು. ಮೊದಲ ಸಲ ಗೂಟ ಅಲುಗಿರಲಿಲ್ಲ, ಫೇಲು. ಈ ಸಲ ಗೂಟ ಬಿತ್ತು, ಶಹಭಾಸ್.

ರಸ್ತೆಗೆ ತೆಗೆದುಕೊಂಡೆ. ಹೋಗುವಾಗ ಹೊಂಗೆಮರದ ಕೆಳಗೆ ಯಾರೂ ಇರಲಿಲ್ಲ. ಸದ್ಯ, ಅಂದುಕೊಂಡೆ. ತಿರುಗಿಸಿಕೊಂಡು ಬರುವಾಗ ನಿಂತಿದ್ದಳು. ಪುಟ್ಟಿ ನೆಲದ ಮೇಲಿತ್ತು, ಸೆರಗು ತಲೆಯ ಮೇಲಿತ್ತು. ನನ್ನ ಜೀಪಿನ ಸದ್ದು ಅವಳಿಗೆ ಗುರುತು. ನಗುತ್ತ ಕೈ ಎತ್ತಿದಳು. ಎತ್ತಿ, ನಾನು ನಿಲ್ಲಿಸುವುದರಲ್ಲಿ ಅನುಮಾನವೇ ಇಲ್ಲ ಅನ್ನುವಂತೆ ಆಗಲೇ ಬಗ್ಗಿ ಪುಟ್ಟಿಗೆ ಇನ್ನೊಂದು ಕೈ ಹಾಕಿದಳು.

ನನ್ನ ಕಾಲು ಬ್ರೇಕಿನ ಮೇಲೆ ಹೋಗಿಯೇಬಿಟ್ಟಿತ್ತು. ಅದನ್ನು ಅಲ್ಲಿಂದ ಎತ್ತಬೇಕಾದರೆ ನನಗೆ ಆದ ಕಷ್ಟ ಯಾವ ಓಣಿಯಲ್ಲಿ ಯಾವ ಟ್ರೇಲರ್ ತಿರುಗಿಸುವಾಗಲೂ ಆಗಿರಲಿಲ್ಲ. ಎತ್ತಿದೆ. ಪಕ್ಕದಲ್ಲೇ ಹಾದು ಹೋದೆ. ಅವಳ ಮುಖ ನೋಡಲಿಲ್ಲ. ಆದರೆ ನನ್ನ ಎದುರಿಗೇ ಆ ಹಾಳು ಕನ್ನಡಿ ಇತ್ತಲ್ಲ. ಅದರಲ್ಲಿ ಅಜ್ಜಿ ರಸ್ತೆ ನಡುವಿಗೆ ಬಂದು ನಿಂತದ್ದು, ಎತ್ತಿದ ಕೈ ಇನ್ನೂ ಮೇಲೇ ಇದ್ದದ್ದು ಎಲ್ಲ ಕಂಡಿತು. ಆಮೇಲೆ ಆ ಕೈ ನಿಧಾನಕ್ಕೆ ಇಳಿಯಿತು. ಕಣ್ಣು ತೆಗೆಯಲು ನನ್ನಿಂದ ಆಗಲಿಲ್ಲ.

"ಕನ್ನಡಿ ಚೆನ್ನಾಗಿ ನೋಡ್ತಿದೀರಿ. ವೆರಿ ಗುಡ್" ಅಂದರು ಸಾಹೇಬರು. ಪೆನ್ನು ತೆಗೆದು ಕಾಲಂನಲ್ಲಿ ಸರಿ ಹಾಕಿದರು.

ಎಲ್ಲರದೂ ಮುಗಿದು, ಊಟದ ಹೊತ್ತಿಗೆ ಪಾಸು ಅಂತ ಹೇಳಿದ ಕೂಡಲೇ ನಾನು ಜೀಪು ತಿರುಗಿಸಿಕೊಂಡು ಹೊಂಗೆಮರದವರೆಗೂ ಹೋದೆ. ಅಜ್ಜಿ ಇರಲಿಲ್ಲ. ಹ್ಯಾಂಡ್‌ಪೋಸ್ಟಿನಲ್ಲಿ ಅವಳು ಕೂರುವ ಜಾಗದಲ್ಲೂ ಇರಲಿಲ್ಲ. ಯಾರೋ ಹೇಳಿದರು, ಒಳದಾರಿಯಲ್ಲಿ ನಡೆದುಕೊಂಡು ಬಂದು, ಬಾಡಿದ ಸೊಪ್ಪನ್ನು ಒಟ್ಟಿಗೆ ಒಬ್ಬರಿಗೇ ಕೊಟ್ಟು ಹೋದಳು ಅಂತ. ಊರಿಗೆ ಬಂದರೆ ಏಳೂ ಹುಡುಗಿಯರು ಕುಣಿದಾಡಿದರು. ಪಕ್ಕದ ಮನೆಯವನು ಗಂಡಿನ ಕಡೆಯವರಿಗೆ ಬರಬೇಡಿ ಅಂತ ಹೇಳಿ ಕಳಿಸಿದ. ಅತ್ತೆ ಪಾಯಸ ಮಾಡಿದರು. ನನ್ನ ಪಾಲನ್ನು ಮಗಳ ಲೋಟಕ್ಕೆ ಸುರಿದೆ.

ಸೋಮವಾರ ಎಲ್ ಬೋರ್ಡು ಕಿತ್ತು ಹಾಕಿ ಏಳು ಹುಡುಗಿಯರನ್ನು ಕೂರಿಸಿಕೊಂಡು ಹೊರಟೆ. ಹೊಂಗೆಮರದ ತಿರುವಿನಲ್ಲಿ ಅಜ್ಜಿ ನಿಂತಿದ್ದಳು. ಜೀಪನ್ನು ನೋಡಿದಳು. ಕೈ ಎತ್ತಲಿಲ್ಲ. ಪುಟ್ಟಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ನನಗೆ ದಾರಿ ಬಿಟ್ಟಳು.

ನಿಲ್ಲಿಸಿದೆ. "ಜೀಪ್ ಅತ್ತಜ್ಜಿ" ಅಂದೆ.

"ಓಗವ್ವ ನೀನು, ಐಕ್ಳಿಗೆ ಒತ್ತಾಯ್ತದೆ. ನಿಂಗೆ ಲೈಸನ್ ಆಯ್ತಂತಲ್ಲ. ಲೈಸನ್ ಇರೋರು ಯಾರ್ಗೂ ನಿಲ್ಲುಸ್ಬಾರ್ದಂತೆ, ಹ್ಯಾಂಡ್‌ಪೋಸ್ಟಲ್ಲಿ ಯೋಳುದ್ರು. ನಂಗೊತ್ತಿರ್ನಿಲ್ಲ ಕಣವ್ವ, ಆವತ್ತೂ ನನ್ನಿಂದ್ಲೇ ನಿಂಗೆ ತೊಂದ್ರೆ ಆಯ್ತಂತೆ." ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಪ್ಪು ಮಾಡಿದವಳಂತೆ ಮಾತಾಡುತ್ತಿದ್ದಳು.

ಹಿಂದಿನಿಂದ ಪಕ್ಕದ ಮನೆಯ ಹುಡುಗಿ ಧುಮುಕಿ ಇಳಿದು ಪುಟ್ಟಿ ಎತ್ತಿ ಒಳಗಿಟ್ಟಳು. ನನ್ನ ಮಗಳು ಅಜ್ಜಿಯ ಕೈ ಹಿಡಿದು ಹತ್ತಿಸಿಕೊಂಡು, ತನ್ನ ಜಾಗ ಬಿಟ್ಟುಕೊಟ್ಟು ಕೆಳಗೆ ಕೂತಳು. ಅಜ್ಜಿ ಕೂತ ಮೇಲೂ ಹ್ಯಾಂಡ್‌ಪೋಸ್ಟ್ ಬರುವವರೆಗೆ ರಸ್ತೆಯ ಆಚೀಚೆ ನೋಡುತ್ತಲೇ ಇದ್ದಳು, ಸಾಹೇಬರು ಎಲ್ಲಾದರೂ ನಿಂತು ನೋಡುತ್ತಿದ್ದಾರೋ ಅಂತ. ನಾನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಜೀಪು ಓಡಿಸಿದೆ.